ಚಪ್ಪರದ ಕೆಳಗಿನ ಟೂ-ಸ್ಟ್ರೋಕ್

ಹೋದ ತಿಂಗಳು ತಮ್ಮ ಊರಿಂದ ಫೋನ್ ಮಾಡಿ, ಅಣ್ಣ ಸ್ಪ್ರೇಯರ್ ಮತ್ತೆ ಸ್ಟಾರ್ಟ್ ಆಗ್ತಿಲ್ಲ, ಹೊಸದು ತಗೊಂಡ್ಬಿಡ್ತೀನಿ, ಪೆಟ್ರೋಲಿಂದೇ ತಗೊಳ್ಲಾ ಇಲ್ಲ ಬ್ಯಾಟರಿದಾ ಅಂತ ಕೇಳ್ದ. ಒಂದು ನಿಮಿಷದಲ್ಲಿ ಹೇಳಿ ಮುಗಿಸೋ ಉತ್ತರ ಅಲ್ವಾ, ಆದ್ರೆ ನಂಗೆ ಹೇಳಕ್ಕಾಗ್ಲಿಲ್ಲ, ನೋಡಿ ಹೇಳ್ತೀನಿ ಇರೋ ಅಂದೆ. ಚಿಕ್ಕಬಳ್ಳಾಪುರದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜ್ ಇಟ್ಕೊಂಡಿದೀನಿ, ಅದರಲ್ಲಿ ಅರ್ಧ ಆಯಸ್ಸು ಟೂ-ಸ್ಟ್ರೋಕ್ ಬಿಚ್ಚೋದ್ರಲ್ಲೇ ಹೋಗಿದೆ, ಆ ಇಂಜಿನ್ ಮೇಲೆ ನಂಗಿರೋ ಪ್ರೀತಿ ನಮ್ಮನೇಲಿ ಎಲ್ರಿಗೂ ಗೊತ್ತು. ಔಷಧಿ ಹೊಡಿಯೋ ಪೆಟ್ರೋಲ್ ಸ್ಪ್ರೇಯರಲ್ಲಿರೋದೂ ಅದೇ ಇಂಜಿನ್, ಅದಕ್ಕೇ ಕಷ್ಟ ಆಯ್ತು. ಆವತ್ತಿಂದ ತಲೇಲಿ ಓಡ್ತಿರೋದನ್ನೆಲ್ಲ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ಆವಾಗ ಕೋಲಾರ ಜಿಲ್ಲೆ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು. ಮನೇಲಿ ರೇಷ್ಮೆ. ಅಪ್ಪನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಟಿವಿಎಸ್ ಇತ್ತು, ಕೆಎ-07 ನಂಬರಿಂದು, ಅದ್ರ ಮೇಲೆ ಅವ್ರು ಏನು ತರ್ಲಿಲ್ಲ ಅಂತ ಕೇಳಿ. ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು, ಹಿಂಡಿ ಮೂಟೆ, ನಾವಿಬ್ರು ಮಕ್ಳು. ಹುಳ ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹಬ್ಬ ಬಂದಂಗೆ ತಿನ್ನುತ್ತೆ, ಒಂದು ಬೆಳೆಗೆ ಬೇಕಾಗೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ಏಳೆಂಟು ದಿನದಲ್ಲೇ ಖಾಲಿ, ಆ ದಿನಗಳಲ್ಲಿ ಟಿವಿಎಸ್ ಇಲ್ದೆ ಹೋಗಿದ್ರೆ ಅಪ್ಪ ಅಮ್ಮ ಇಬ್ರೂ ತಲೆ ಮೇಲೆ ಹೊರೆ ಹೊತ್ತು ಹೊತ್ತೇ ಮಲಗಿಬಿಡ್ತಿದ್ರು. ಗೂಡು ಬಿಡಿಸಿದ ದಿನ ನಸುಕಲ್ಲೇ ಮೂಟೆ ಕಟ್ಕೊಂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೊರಡ್ತಿದ್ದಿದ್ದೂ ಅದ್ರಲ್ಲೇ.

ಆದ್ರೆ ಅಪ್ಪಂದು ಒಂದು ಕಟ್ಟುನಿಟ್ಟು ಇತ್ತು. ಹುಳದ ಮನೆ ಹತ್ರ ಗಾಡಿ ಸ್ಟಾರ್ಟ್ ಇರೋ ಹಾಗಿಲ್ಲ. ಹುಣಸೆ ಮರದ ಹತ್ರಾನೇ ಆಫ್ ಮಾಡಿ, ಸೊಪ್ಪಿನ ಹೊರೆ ಸಮೇತ ತಳ್ಕೊಂಡೇ ಬರ್ತಿದ್ರು, ವಾಪಸ್ ಹೋಗೋವಾಗ್ಲೂ ಮರದ ತನಕ ತಳ್ಕೊಂಡು ಹೋಗಿ ಆಮೇಲೇ ಪೆಡಲ್ ತುಳಿಯೋದು. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಬಾರ್ದು, ಹೊಗೆ ತಾಗಿದ್ರೆ ಹುಳ ಸೊಪ್ಪು ಬಿಡುತ್ತೆ ಅನ್ನೋದು ನಮ್ಮ ಕಡೆ ರೇಷ್ಮೆ ಮಾಡೋ ಪ್ರತಿ ಮನೆಗೂ ಗೊತ್ತಿರೋ ವಿಷ್ಯ, ತಂಬಾಕಂತೂ ಅದಕ್ಕೆ ನೇರ ವಿಷ. ಹುಳಕ್ಕೆ ಅಷ್ಟು ಜೋಪಾನ. ಅದೇ ಅಪ್ಪ ಮಳೆಗಾಲದಲ್ಲಿ ಗಾಡಿ ಸ್ಟಾರ್ಟ್ ಆಗ್ದೇ ಇದ್ದಾಗ ಬೆಳಿ ಹೊಗೆ ಮಧ್ಯ ಅರ್ಧ ಗಂಟೆ ಕೂತು ಪ್ಲಗ್ ಉಜ್ಜುತಾ ಇದ್ರು, ನಾನೂ ಪಕ್ಕದಲ್ಲಿ ಕೂತಿರ್ತಿದ್ದೆ, ನಮ್ಮಿಬ್ರ ಎದೆಗೆ ಏನಾಗ್ತಿದೆ ಅಂತ ಯಾರೂ ಯೋಚ್ನೆ ಮಾಡ್ಲಿಲ್ಲ.

ನಾನು ಮೆಕ್ಯಾನಿಕ್ ಆಗಿದ್ದು ಆ ಪ್ಲಗ್ಗಿಂದಾನೇ. ಬಿಚ್ಚಿ ನೋಡಿದ್ರೆ ಇಷ್ಟೇನಾ ಇಂಜಿನ್ ಅನ್ನಿಸ್ತು. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಒಳಗೆ ಓಡಾಡೋ ದೊಡ್ಡ ಸಾಮಾನು ಮೂರೇ ಮೂರು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡ್ತಾ ಸಿಲಿಂಡರ್ ಗೋಡೆಲಿರೋ ಕಿಂಡಿಗಳ್ನ ಮುಚ್ಚೋದು ತೆಗೆಯೋದು ಮಾಡುತ್ತೆ. ಪಿಸ್ಟನ್ ಮೇಲೆ ಹೋಗೋವಾಗ ಕೆಳಗಡೆ ಕ್ರ್ಯಾಂಕ್‌ಕೇಸಿಗೆ ಪೆಟ್ರೋಲ್ ಗಾಳಿ ಎಳ್ಕೊಳ್ಳುತ್ತೆ, ಕೆಳಗೆ ಬರೋವಾಗ ಅದನ್ನೇ ಒತ್ತಿ ಟ್ರಾನ್ಸ್‌ಫರ್ ಪೋರ್ಟ್ ಮೂಲಕ ಮೇಲಕ್ಕೆ ತಳ್ಳುತ್ತೆ. ಕ್ರ್ಯಾಂಕ್ ಒಂದು ಸುತ್ತು ಸುತ್ತಿದ್ರೆ ಒಂದು ಸಲ ಉರಿಯುತ್ತೆ, ಫೋರ್-ಸ್ಟ್ರೋಕಲ್ಲಿ ಎರಡು ಸುತ್ತಿಗೆ ಒಂದು ಸಲ. ಜೋಸೆಫ್ ಡೇ ಅನ್ನೋ ಇಂಗ್ಲಿಷಿನವ್ರು 1891ರ ಸುಮಾರಿಗೆ ಮಾಡಿದ ಈ ಕ್ರ್ಯಾಂಕ್‌ಕೇಸ್ ಐಡಿಯಾನೇ ನೂರು ವರ್ಷ ಆದ್ಮೇಲೂ ನಮ್ಮಪ್ಪನ ಟಿವಿಎಸ್ಸಲ್ಲಿ ಓಡ್ತಿತ್ತು. ಹಳ್ಳಿಲಿ ಸ್ಪ್ಯಾನರ್ ಎರಡು, ಸ್ಕ್ರೂಡ್ರೈವರ್ ಒಂದು, ಉಪ್ಪುಕಾಗದ ಒಂದು ಚೂರು ಇದ್ರೆ ಯಾರು ಬೇಕಾದ್ರೂ ರಿಪೇರಿ ಮಾಡ್ಕೋಬಹುದಾಗಿದ್ದ ಇಂಜಿನ್ ಇದು, ಬಡವ್ರ ಕೈಗೆ ಸಿಕ್ಕಿದ ಮೊದಲ್ನೇ ಇಂಜಿನ್ ಅಂದ್ರೂ ತಪ್ಪಿಲ್ಲ.

ಪವರ್ ವಿಷ್ಯಕ್ಕೆ ಬಂದ್ರೆ 1985ನೇ ಇಸವಿನೇ ಸಾಕು. ಆ ಒಂದೇ ವರ್ಷ ಹೀರೋ ಹೋಂಡಾ ಸಿಡಿ 100 ಬಂತು, ಯಮಹಾ ಆರ್‌ಎಕ್ಸ್ 100 ಬಂತು. ಎರಡೂ ನೂರು ಸಿಸಿಗೆ ಚೂರು ಕಮ್ಮಿ. ಸಿಡಿ 100 ಫೋರ್-ಸ್ಟ್ರೋಕು, ಏಳು ಚಿಲ್ಲರೆ ಹಾರ್ಸ್‌ಪವರ್. ಆರ್‌ಎಕ್ಸು 98 ಸಿಸಿಲೇ 11. ಗಾಡಿ ತೂಕ 103 ಕೆಜಿ ಅಷ್ಟೆ. 1996ಕ್ಕೆ ಅದು ನಿಂತೋಯ್ತು, ಆಮೇಲೆ 135 ಸಿಸಿದು ಬಂದು ಅದೂ 2005ರ ಹೊತ್ತಿಗೆ ಮುಗೀತು. ಮೈಸೂರಲ್ಲಿ ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟ್ರಿನೂ 1996ರಲ್ಲೇ ಬಾಗಿಲು ಹಾಕ್ತು, ನಮ್ಮ ರಾಜ್ಯದ್ದೇ ಟೂ-ಸ್ಟ್ರೋಕ್ ಅದು, ಈಗ ಅದೇ ಹೆಸ್ರಲ್ಲಿ ಬರ್ತಿರೋದು ಫೋರ್-ಸ್ಟ್ರೋಕ್. ಈಗಲೂ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗೋ ಹುಡುಗ್ರಲ್ಲಿ ಒಬ್ಬಿಬ್ರು ಆರ್‌ಎಕ್ಸ್ ತಗೊಂಡು ನಮ್ಮ ಅಂಗಡಿ ಮುಂದೆ ನಿಲ್ತಾರೆ, ಸೌಂಡ್ ಬರ್ಬೇಕು ಅಣ್ಣ ಸೈಲೆನ್ಸರ್ ಒಳಗಿಂದು ತೆಗ್ದುಬಿಡಿ ಅಂತಾರೆ. ನಾನು ತೆಗೆಯಲ್ಲ. ಯಾಕೆ ತೆಗೆಯಲ್ಲ ಅಂತ ಕೂರಿಸ್ಕೊಂಡು ಹೇಳ್ತೀನಿ, ಯಾಕಂದ್ರೆ ಟೂ-ಸ್ಟ್ರೋಕಲ್ಲಿ ಸೈಲೆನ್ಸರ್ ಅನ್ನೋದು ಹೊಗೆ ಹೋಗೋ ಪೈಪ್ ಮಾತ್ರ ಅಲ್ಲ, ಅದೂ ಇಂಜಿನ್ನಿಂದೇ ಒಂದು ಭಾಗ.

ಇಲ್ಲೇ ಇದೆ ನೋಡಿ ವಿಷ್ಯ. ಉರಿದ ಹೊಗೆ ಆಚೆ ಹೋಗೋ ಕಿಂಡಿನೂ, ಹೊಸ ಪೆಟ್ರೋಲ್ ಗಾಳಿ ಒಳಗೆ ಬರೋ ಕಿಂಡಿನೂ ಒಂದಷ್ಟು ಹೊತ್ತು ಎರಡೂ ಒಟ್ಟಿಗೇ ತೆರ್ಕೊಂಡಿರ್ತವೆ. ಹೊಸದು ನುಗ್ಗಿ ಹಳೇ ಹೊಗೇನ ಆಚೆ ತಳ್ಬೇಕು, ಬೇರೆ ದಾರಿನೇ ಇಲ್ಲ. ಮನೇಲಿ ಮುಂಬಾಗ್ಲು ಹಿತ್ಲಬಾಗ್ಲು ಎರಡೂ ತೆಗ್ದು ಕಸ ಗುಡ್ಸಿದಂಗೆ. ಕಸದ ಜೊತೆ ಕಾಳೂ ಹೊರಗೆ ಹೋಗುತ್ತೆ. ಉರಿಯದೇ ಇರೋ ಪೆಟ್ರೋಲು ಕಾಲು ಭಾಗದಷ್ಟು, ಕೆಲವು ಸಲ ಇನ್ನೂ ಜಾಸ್ತಿ, ಹಂಗೇ ಸೈಲೆನ್ಸರಿಗೆ ಹೋಗ್ಬಿಡುತ್ತೆ. ಆರ್‌ಎಕ್ಸ್ ಸೈಲೆನ್ಸರ್ ಹೊಟ್ಟೆ ಉಬ್ಬಿಸ್ಕೊಂಡು ಕೊನೇಲಿ ಸಣ್ಣಗಾಗಿರೋದು ಚೆಂದಕ್ಕಲ್ಲ, ಆ ಕೊನೇ ಕೋನಿಗೆ ಒತ್ತಡದ ಅಲೆ ಹೊಡ್ದು ವಾಪಸ್ ಬಂದು, ಆಚೆ ಹೋಗ್ತಿರೋ ಹೊಸ ಪೆಟ್ರೋಲನ್ನ ಕಿಂಡಿ ಮುಚ್ಚೋ ಮುಂಚೆ ಮತ್ತೆ ಸಿಲಿಂಡರೊಳಗೆ ನೂಕುತ್ತೆ. ಒಂದು ವಾಲ್ವೂ ಇಲ್ದೆ, ಬರೀ ಶಬ್ದದ ಅಲೆಯಿಂದ ಬಾಗ್ಲು ಹಾಕೋ ಈ ಬುದ್ಧಿವಂತಿಕೆ ನೆನೆಸ್ಕೊಂಡ್ರೆ ಇವತ್ತಿಗೂ ನಂಗೆ ಮೈ ಜುಂ ಅನ್ನುತ್ತೆ. ಆದ್ರೆ ಅದು ಕೆಲ್ಸ ಮಾಡೋದು ಒಂದು ಸ್ಪೀಡ್ ರೇಂಜಲ್ಲಿ ಮಾತ್ರ. ಅದಕ್ಕೇ ಆರ್‌ಎಕ್ಸು ಒಂದು ಹಂತದ ತನಕ ಗುರ್ ಗುರ್ ಅಂತ ಇದ್ದು ಇದ್ದಕ್ಕಿದ್ದಂಗೆ ಎಗರಿ ಓಡೋದು. ಟೌನಲ್ಲಿ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗೋವಾಗ ಆ ಅಲೆ ಸರಿಯಾದ ಟೈಮಿಗೆ ಬರಲ್ಲ, ಪೆಟ್ರೋಲ್ ಆಚೆ ಹೋಗೋದೇ.

ಇದ್ರ ಮೇಲೆ ಆಯಿಲ್ಲು. ಕ್ರ್ಯಾಂಕ್‌ಕೇಸ್ ಪೆಟ್ರೋಲ್ ಓಡಾಡೋ ದಾರಿ ಆಗಿರೋದ್ರಿಂದ ಅಲ್ಲಿ ಆಯಿಲ್ ತುಂಬಿ ಇಡಕ್ಕಾಗಲ್ಲ, ಲೀಟರಿಗೆ 20 ಮಿಲಿ ಅಂತ ಪೆಟ್ರೋಲಿಗೇ ಬೆರ್ಸಿ ಅದನ್ನೂ ಉರಿಸ್ಬೇಕು. ಪೂರ್ತಿ ಉರಿಯಲ್ಲ, ಸಣ್ಣ ಸಣ್ಣ ಹನಿಯಾಗಿ ಆಚೆ ಬರುತ್ತೆ. ಆ ಬೆಳಿ ಹೊಗೆ ಅಂದ್ರೆ ಅದೇ.

ಒಂದು ಲೆಕ್ಕ ಹಾಕ್ತೀನಿ. ಅಪ್ಪನ ಟಿವಿಎಸ್ ಲೀಟರಿಗೆ 50 ಕಿ.ಮೀ ಕೊಡ್ತಿತ್ತು ಅಂತ ಇಟ್ಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ತೂಕ ಸುಮಾರು 740 ಗ್ರಾಂ, ಅಂದ್ರೆ ಕಿಲೋಮೀಟರಿಗೆ 15 ಗ್ರಾಂ ಹತ್ರ ಹತ್ರ. ಅದ್ರಲ್ಲಿ ಕಾಲು ಭಾಗ ಉರಿಯದೇ ಹೋದ್ರೆ ಕಿ.ಮೀಗೆ ಮೂರೂವರೆ ಗ್ರಾಮಿಗೂ ಜಾಸ್ತಿ. ಈಗ ರೂಲ್ಸ್ ನೋಡಿ. ಟೂ ವೀಲರಿಗೆ ಹೈಡ್ರೋಕಾರ್ಬನ್ನು (ಉರಿಯದ ಪೆಟ್ರೋಲು ಲೆಕ್ಕಕ್ಕೆ ಬರೋದು ಇದ್ರಲ್ಲೇ), ನೈಟ್ರೋಜನ್ ಆಕ್ಸೈಡು ಎರಡೂ ಸೇರಿ 2000ನೇ ಇಸವಿಲಿ ಕಿ.ಮೀಗೆ 2 ಗ್ರಾಂ ಲಿಮಿಟ್ ಇಟ್ರು, 2005ಕ್ಕೆ ಒಂದೂವರೆ, 2010ರ ಬಿಎಸ್-3ಗೆ, ಅಂದ್ರೆ ಭಾರತ್ ಸ್ಟೇಜ್ ಅನ್ನೋ ಹೊಗೆ ರೂಲ್ಸಿನ ಮೂರನೇ ಹಂತಕ್ಕೆ, ಒಂದು ಗ್ರಾಂ. 2017ರ ಏಪ್ರಿಲಿಗೆ ಬಿಎಸ್-4 ಬಂತು, ಆವಾಗ ಸುಪ್ರೀಂ ಕೋರ್ಟು ಬಿಎಸ್-3 ಗಾಡಿಗಳ್ನ ಇನ್ಮೇಲೆ ಮಾರೋ ಹಾಗಿಲ್ಲ ಅಂದಿದ್ಕೆ ಮಾರ್ಚ್ ಕೊನೇಲಿ ಶೋರೂಮ್ ಮುಂದೆ ಜಾತ್ರೆ ಸೇರಿತ್ತು ನೆನಪಿರ್ಬೇಕು. 2020ರ ಏಪ್ರಿಲ್ಲಿಂದ ಬಿಎಸ್-6, ಅದ್ರಲ್ಲಿ ಹೈಡ್ರೋಕಾರ್ಬನ್ ಲಿಮಿಟ್ ಕಿ.ಮೀಗೆ 0.1 ಗ್ರಾಂ. ಮೂರೂವರೆ ಎಲ್ಲಿ, 0.1 ಎಲ್ಲಿ. ಕಾರ್ಬುರೇಟರ್ ಹಾಕಿ ಆಯಿಲ್ ಬೆರ್ಸೋ ಇಂಜಿನ್ನಿಗೆ ಸೈಲೆನ್ಸರಲ್ಲಿ ಹೊಗೆ ಕ್ಲೀನ್ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ರೂ ಆ ದೂರ ದಾಟಕ್ಕಾಗಲ್ಲ, ಅಷ್ಟೊಂದು ಹಸಿ ಪೆಟ್ರೋಲು ಅಲ್ಲಿ ಹೋಗಿ ಉರಿದ್ರೆ ಕನ್ವರ್ಟರ್ರೇ ಕಾದು ಕೆಂಪಗಾಗಿ ಹಾಳಾಗುತ್ತೆ. ಕಂಪನಿಯವ್ರಿಗೂ ಇದು ಮೊದ್ಲೇ ಗೊತ್ತಿತ್ತು, ಟಿವಿಎಸ್‌ನವ್ರು 2015ರಲ್ಲೇ ಎಕ್ಸ್‌ಎಲ್ 100 ಅಂತ ಫೋರ್-ಸ್ಟ್ರೋಕ್ ಮೊಪೆಡ್ ತಂದ್ರು. ನಮ್ಮ ಕಡೆ ರೈತ್ರು ಮೊದ್ಲು ಮೂಗು ಮುರಿದ್ರು, ಎಳೆಯಲ್ಲ ಅಂದ್ರು, ಈಗ ಸೊಪ್ಪು, ಹಾಲು, ಟೊಮೇಟೊ ಕ್ರೇಟು ಎಲ್ಲ ಅದ್ರ ಮೇಲೇ. ತಮ್ಮನ ಹತ್ರಾನೂ ಅದೇ ಇದೆ, ಕೆಎ-40 ನಂಬರು.

ರೂಲ್ಸ್ ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ಕೆಲವು ಹಳೇ ಸ್ನೇಹಿತ್ರು ಫೋರ್-ಸ್ಟ್ರೋಕ್ ಮಾರಕ್ಕೆ ಟೂ-ಸ್ಟ್ರೋಕ್ ಸಾಯಿಸಿದ್ರು ಅಂತಾರೆ, ನಾನು ಒಪ್ಪಲ್ಲ, ಲೆಕ್ಕ ಮೇಲೇ ಇದೆ. ಬೆಂಗ್ಳೂರಲ್ಲಿ ಟೂ-ಸ್ಟ್ರೋಕ್ ಆಟೋಗಳು ಸಾಲಾಗಿ ಸಿಗ್ನಲ್ಲಲ್ಲಿ ನಿಂತಿದ್ದ ಕಾಲ ನಾನು ನೋಡಿದೀನಿ, ಮೆಜೆಸ್ಟಿಕ್ಕಿಗೆ ಸ್ಪೇರ್ಸ್ ತರಕ್ಕೆ ಹೋಗಿ ಬಂದ್ರೆ ಕರ್ಚೀಫ್ ಕಪ್ಪಗಾಗಿರ್ತಿತ್ತು.

ಆದ್ರೆ ಟೂ-ಸ್ಟ್ರೋಕ್ ಅಂದ್ರೇನೇ ಕೊಳಕು ಅನ್ನೋದನ್ನೂ ಒಪ್ಪಲ್ಲ. ಪ್ರಪಂಚದಲ್ಲೇ ದೊಡ್ಡ ಇಂಜಿನ್ನುಗಳು ಯಾವ್ದು ಗೊತ್ತಾ, ಕಂಟೇನರ್ ಹಡಗಿನವು, ಅವು ಟೂ-ಸ್ಟ್ರೋಕ್ ಡೀಸೆಲ್. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಅನ್ನೋ ಹಡಗಿಂದು 14 ಸಿಲಿಂಡರು, ಒಂದೊಂದು ಸಿಲಿಂಡರ್ ಬಾಯಿ 96 ಸೆಂಟಿಮೀಟರ್ ಅಗಲ, ಒಂದು ಲಕ್ಷ ಹಾರ್ಸ್‌ಪವರಿಗೂ ಮೇಲೆ. ಹಾಕಿದ ಎಣ್ಣೆಲಿ ಅರ್ಧದಷ್ಟು ಶಕ್ತಿ ಕೆಲ್ಸಕ್ಕೆ ಬರುತ್ತೆ, ನಮ್ಮ ಬೈಕಲ್ಲಿ ಮೂರ್ನೇ ಒಂದು ಭಾಗ ಬಂದ್ರೆ ಹೆಚ್ಚು. ಅದು ಹೆಂಗೆ ಸಾಧ್ಯ ಅಂದ್ರೆ ಅಲ್ಲಿ ಹೊಗೆ ತಳ್ಳೋದು ಬರೀ ಗಾಳಿ. ಎಣ್ಣೆ ಚಿಮ್ಮೋದು ಬಾಗ್ಲು ಮುಚ್ಚಿದ ಮೇಲೆ. ಕಸ ಗುಡ್ಸೋವಾಗ ಕಾಳು ನೆಲದ ಮೇಲೆ ಇಲ್ದೇ ಇದ್ರೆ ಕಾಳು ಹೆಂಗೆ ಆಚೆ ಹೋಗುತ್ತೆ ಹೇಳಿ. ಅಂದ್ರೆ ದೋಷ ಎರಡು ಸ್ಟ್ರೋಕಲ್ಲಿ ಇಲ್ಲ, ಪೆಟ್ರೋಲನ್ನ ಪೊರಕೆ ಮಾಡ್ಕೊಂಡಿದ್ರಲ್ಲಿ ಇದೆ.

ಇದನ್ನ ಸಣ್ಣ ಇಂಜಿನ್ನಿಗೂ ಮಾಡಕ್ಕೆ ನೋಡಿದಾರೆ. ಆಸ್ಟ್ರೇಲಿಯಾದ ಆರ್ಬಿಟಲ್ ಅನ್ನೋ ಕಂಪನಿ ಪೆಟ್ರೋಲನ್ನ ನೇರವಾಗಿ ಸಿಲಿಂಡರಿಗೇ ಚಿಮ್ಮಿಸೋ ಡೈರೆಕ್ಟ್ ಇಂಜೆಕ್ಷನ್ ಮಾಡ್ತು, ಅದನ್ನೇ ತಗೊಂಡು ಬಜಾಜ್‌ನವ್ರು 2007ರಲ್ಲಿ ಜಿಡಿಐ ಅಂತ ಟೂ-ಸ್ಟ್ರೋಕ್ ಆಟೋನೇ ತಂದಿದ್ರು, ನಮ್ಮ ದೇಶದಲ್ಲೇ. ಚೆನ್ನಾಗಿತ್ತು ಐಡಿಯಾ, ಆದ್ರೆ ಇಂಜೆಕ್ಟರ್, ಏರ್ ಪಂಪ್, ಇಸಿಯು ಅನ್ನೋ ಸಣ್ಣ ಕಂಪ್ಯೂಟರ್ ಎಲ್ಲ ಸೇರಿದ್ಮೇಲೆ ಸ್ಪ್ಯಾನರ್ ಎರಡಲ್ಲಿ ರಿಪೇರಿ ಆಗೋ ಆಟೋ ಅದಾಗಿ ಉಳೀಲಿಲ್ಲ, ಸಿಎನ್‌ಜಿ ಎಲ್‌ಪಿಜಿ ಫೋರ್-ಸ್ಟ್ರೋಕ್ ಮುಂದೆ ನಿಲ್ಲಲಿಲ್ಲ. ಕೆಟಿಎಂನವ್ರು ಕಾಡು ಮೇಡಲ್ಲಿ ಓಡ್ಸೋ ಎಂಡ್ಯೂರೋ ಬೈಕುಗಳಿಗೆ 2018ರ ಮಾಡೆಲ್ಲಿಂದ ಟ್ರಾನ್ಸ್‌ಫರ್ ಪೋರ್ಟಲ್ಲೇ ಇಂಜೆಕ್ಟರ್ ಇಟ್ಟು ಟೂ-ಸ್ಟ್ರೋಕ್ ಉಳಿಸ್ಕೊಂಡ್ರು, ಮಂಜಿನ ದೇಶಗಳಲ್ಲಿ ಸ್ನೋಮೊಬೈಲಲ್ಲೂ ಡೈರೆಕ್ಟ್ ಇಂಜೆಕ್ಷನ್ ಟೂ-ಸ್ಟ್ರೋಕ್ ಇದೆ. ರೇಸಲ್ಲಿ ಮಾತ್ರ 500 ಸಿಸಿ ಟೂ-ಸ್ಟ್ರೋಕ್ ಯುಗ 2002ಕ್ಕೆ ಮುಗೀತು, 125 ಕ್ಲಾಸ್ ಹೋಗಿ 2012ಕ್ಕೆ ಮೋಟೋ 3 ಬಂದ್ಮೇಲೆ ಪೂರ್ತಿ ಫೋರ್-ಸ್ಟ್ರೋಕ್. ಅಂದ್ರೆ ಟೂ-ಸ್ಟ್ರೋಕ್ ಸತ್ತಿಲ್ಲ, ದುಡ್ಡಿರೋರ ಕೈಗೆ ಹೋಯ್ತು. ಬಡವ್ರ ಇಂಜಿನ್ ಅಂತ ನಾನು ಪ್ರೀತಿ ಮಾಡಿದ್ದು, ಕ್ಲೀನ್ ಆಗಿ ಉಳಿದಿರೋದು ಬಡವ್ರಿಗೆ ಸಿಗ್ದೇ ಇರೋ ಕಡೆ. ಇದು ನಂಗೆ ನಿಜವಾಗ್ಲೂ ನೋವು ಕೊಡುತ್ತೆ.

ಬಡವ್ರ ಹತ್ರ ಉಳಿದಿರೋದು ಯಾವ್ದು ಅಂತ ನೋಡಿದ್ರೆ ತಮ್ಮನ ಸ್ಪ್ರೇಯರ್. ಬೆನ್ನಿಗೆ ಹಾಕೋ ಪವರ್ ಸ್ಪ್ರೇಯರ್, ಔಷಧಿನ ಮಂಜಿನ ಥರ ಊದೋ ಮಿಸ್ಟ್ ಬ್ಲೋವರ್, ಹುಲ್ಲು ಕತ್ತರಿಸೋ ಬ್ರಷ್ ಕಟ್ಟರ್, ಗುಂಡಿ ತೋಡೋ ಆಗರ್. ರೋಡಲ್ಲಿ ಟೂ-ಸ್ಟ್ರೋಕ್ ಮುಗೀತು ಅಂತ ನಾವೆಲ್ಲ ಅನ್ಕೊಂಡ್ವಿ, ಅದು ರೋಡಿಂದ ತೋಟಕ್ಕೆ ಇಳ್ದು ರೈತನ ಬೆನ್ನಿಗೆ ಹತ್ತಿ ಕೂತಿದೆ. ನಮ್ಮ ಅಂಗಡಿಗೆ ಈಗ ತಿಂಗಳಿಗೆ ಬರೋ ಟೂ-ಸ್ಟ್ರೋಕಲ್ಲಿ ಬೈಕು ಎರಡೋ ಮೂರೋ, ಮಿಕ್ಕಿದ್ದೆಲ್ಲ ಇವೇ.

ಹೋದ ಭಾನುವಾರ ಊರಿಗೆ ಹೋಗಿ ತಮ್ಮನ ಜೊತೆ ದ್ರಾಕ್ಷಿ ತೋಟಕ್ಕೆ ಇಳಿದೆ. ನಮ್ಮ ಕಡೆ ದ್ರಾಕ್ಷಿ ಅಂದ್ರೆ ಚಪ್ಪರ, ಬೆಂಗ್ಳೂರು ಬ್ಲೂ ಆಗ್ಲಿ ದಿಲ್‌ಖುಷ್ ಆಗ್ಲಿ, ತಲೆ ಮೇಲೆ ಆಳೆತ್ತರಕ್ಕೆ ಎಲೆಯ ಮಾಳಿಗೆ. ಮಾಮೂಲಿ ತೋಟದಲ್ಲಿ ಹೊಗೆ ಮೇಲಕ್ಕೆ ಹೋಗುತ್ತೆ, ಚಪ್ಪರದ ಕೆಳಗೆ ಎಲ್ಲೂ ಹೋಗಲ್ಲ. ಪಕ್ಕದ ಮನೆಯಿಂದ ತಂದಿದ್ದ ಮಿಸ್ಟ್ ಬ್ಲೋವರ್ ಹಾಕ್ಕೊಂಡು ಅವ್ನು ಎರಡು ಸಾಲು ಮುಗಿಸೋ ಹೊತ್ತಿಗೆ ಹಿಂದೆ ನಿಂತಿದ್ದ ನಂಗೇ ಕಣ್ಣು ಉರಿ ಬಂತು. ಸೈಲೆನ್ಸರ್ ಇರೋದು ಬೆನ್ನಿನ ಹತ್ರ, ಮೂಗಿಗೆ ಒಂದೂವರೆ ಅಡಿ ದೂರ. ಔಷಧಿ ಬೀಳಬಾರ್ದು ಅಂತ ಮುಖಕ್ಕೆ ಟವೆಲ್ ಕಟ್ಟಿದ್ದ, ಟವೆಲ್ ಹೊಗೇನ ತಡಿಯಲ್ಲ, ಬೆವರಲ್ಲಿ ನೆನೆದ ಬಟ್ಟೆ ಅದನ್ನ ಹಿಡಿದಿಟ್ಕೊಳ್ಳುತ್ತೆ.

ಅದೇ ಲೆಕ್ಕ ಇಲ್ಲೂ ಹಾಕಿ. ಒಂದು ಲೀಟರ್ ಪೆಟ್ರೋಲಲ್ಲಿ ಕಾಲು ಭಾಗ ಅಂದ್ರೆ 185 ಗ್ರಾಂ ಉರಿಯದೇ ಆಚೆ ಬರುತ್ತೆ. ಅಪ್ಪನ ಟಿವಿಎಸ್ ಅಷ್ಟನ್ನ ನಮ್ಮೂರಿಂದ ಚಿಂತಾಮಣಿ, ಅಲ್ಲಿಂದ ಇನ್ನೂ ಮುಂದೆ, 50 ಕಿಲೋಮೀಟರ್ ಉದ್ದಕ್ಕೂ ಗಾಳಿಗೆ ಚೆಲ್ತಿತ್ತು. ಸ್ಪ್ರೇಯರ್ ಅದೇ 185 ಗ್ರಾಮನ್ನ ಒಂದೇ ತೋಟದಲ್ಲಿ, ಒಂದೇ ಚಪ್ಪರದ ಕೆಳಗೆ, ಒಬ್ಬನೇ ಮನುಷ್ಯನ ಸುತ್ತ ಚೆಲ್ಲುತ್ತೆ. ಪೆಟ್ರೋಲಲ್ಲಿ ಬೆಂಜೀನ್ ಅನ್ನೋದು ನೂರಕ್ಕೆ ಒಂದು ಭಾಗದ ತನಕ ಇರ್ಬಹುದು ಅಂತ ಇದೆ, ಅದು ಕ್ಯಾನ್ಸರ್ ತರೋ ವಸ್ತು ಅಂತ ಬಂಕಲ್ಲಿ ಕೆಲ್ಸ ಮಾಡೋರಿಗೂ ಎಚ್ಚರ ಹೇಳ್ತಾರೆ. ಆ ಟೂ ವೀಲರಿಗೆ ಪಿಯುಸಿ ಅನ್ನೋ ಹೊಗೆ ಟೆಸ್ಟ್ ಇದೆ. 2000ನೇ ಇಸವಿಗಿಂತ ಮುಂಚಿನ ಟೂ-ಸ್ಟ್ರೋಕಿಗೆ ಹೈಡ್ರೋಕಾರ್ಬನ್ 9000 ಪಿಪಿಎಂ, ಆಮೇಲಿಂದಕ್ಕೆ 6000 ಅಂತ ಲಿಮಿಟ್ ಇದೆ, ಐಡ್ಲಿಂಗಲ್ಲಿ ಮಾತ್ರ ನೋಡೋದು ಅನ್ನೋ ಕೊರತೆ ಇದ್ರೂ ಏನೋ ಒಂದು ಇದೆ. ಟ್ರ್ಯಾಕ್ಟರಿಗೂ ಟ್ರೆಮ್ ಅಂತ ಹೊಗೆ ರೂಲ್ಸ್ ಹಂತ ಹಂತವಾಗಿ ಬಿಗಿ ಮಾಡ್ತಿದಾರೆ. ಬೆನ್ನ ಮೇಲಿರೋ ಇಂಜಿನ್ನಿಗೆ ಪಿಯುಸಿ ತೋರ್ಸು ಅಂತ ಕೇಳೋರು ಯಾರೂ ಇಲ್ಲ. ಎಲ್ಲಕ್ಕಿಂತ ಮೂಗಿಗೆ ಹತ್ರ ಇರೋ ಇಂಜಿನ್ ಅದು.

ಪಿಯುಸಿ ಅಂದಾಗ ಒಂದು ಹೇಳ್ಬೇಕು, ಒಂದ್ಸಲ ಹಳೇ ಸ್ಕೂಟರ್ ಒಂದನ್ನ ಟೆಸ್ಟಿಗೆ ತಗೊಂಡು ಹೋದಾಗ ಪ್ರೋಬ್ ಸೈಲೆನ್ಸರಿಗೆ ಹಾಕ್ದೇನೇ ಸರ್ಟಿಫಿಕೇಟ್ ಕೊಟ್ರು. ಎರಡು ದಿನ ಕೂತು ಕಾರ್ಬುರೇಟರ್ ಸೆಟ್ ಮಾಡ್ಕೊಂಡು ಹೋಗಿದ್ದೆ, ಎಷ್ಟು ಬಂತು ಅಂತ ನೋಡೋ ಆಸೆ ಇತ್ತು. ಹಾಕಿ ನೋಡಿ ಸರ್ ಅಂತ ನಿಂತೆ, ಕೊನೆಗೂ ಹಾಕಿದ್ರು, ಪಾಸಾಯ್ತು.

ಬೇರೆ ಕಡೆ ಈ ಸಣ್ಣ ಇಂಜಿನ್ ಮೇಲೂ ಕಣ್ಣು ಬಿದ್ದಿದೆ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಕಾನೂನು ಮಾಡಿ 2024ರಿಂದ ಲೀಫ್ ಬ್ಲೋವರ್, ಹುಲ್ಲು ಕತ್ತರಿಸೋ ಮೆಷಿನ್ ಥರದವು ಹೊಸದಾಗಿ ಪೆಟ್ರೋಲಿಂದು ಮಾರೋ ಹಾಗಿಲ್ಲ ಅಂತ ಮಾಡಿದ್ರು. ಅದನ್ನೇ ನಾಳೆ ನಮ್ಮಲ್ಲಿ ಮಾಡಿ ಅಂತ ನಾನು ಕೇಳಲ್ಲ, ಅಲ್ಲಿ ಮನೆ ಮುಂದಿನ ಎಲೆ ಊದೋದು, ಇಲ್ಲಿ ಹೊಟ್ಟೆಪಾಡು. ಹಠಾತ್ತಾಗಿ ನಿಲ್ಲಿಸಿದ್ರೆ ತಮ್ಮನಂಥೋರು ಮತ್ತೆ ಕೈ ಪಂಪ್ ಹಿಡೀಬೇಕಾಗುತ್ತೆ. ನಂಗೆ ಅನ್ನಿಸೋದು, ಕೃಷಿ ಇಲಾಖೆ ಯಾಂತ್ರೀಕರಣ ಅಂತ ಸಬ್ಸಿಡಿ ಕೊಡುತ್ತಲ್ಲ, ಅದ್ರಲ್ಲಿ ಬ್ಯಾಟರಿದಕ್ಕೂ ಫೋರ್-ಸ್ಟ್ರೋಕಿಗೂ ಜಾಸ್ತಿ ಕೊಡ್ಲಿ, ಹಳೇ ಟೂ-ಸ್ಟ್ರೋಕ್ ತಂದುಕೊಟ್ರೆ ಅದಕ್ಕೂ ಒಂದು ಬೆಲೆ ಕಟ್ಲಿ. ಬೆಂಗ್ಳೂರಲ್ಲಿ ಆಟೋದವ್ರಿಗೆ ಟೂ-ಸ್ಟ್ರೋಕ್ ಬದ್ಲಾಯಿಸಕ್ಕೆ ಸರ್ಕಾರ ದುಡ್ಡು ಕೊಟ್ಟಿತ್ತು, ರೈತನ ಬೆನ್ನಿಗೆ ಯಾಕೆ ಆಗಬಾರ್ದು.

ಅಲ್ಲಿ ತನಕ ಇರೋದನ್ನ ಸರಿಯಾಗಿ ಓಡ್ಸಿದ್ರೂ ಅರ್ಧ ಹೊಗೆ ಕಮ್ಮಿ ಆಗುತ್ತೆ, ಇದು ನನ್ನ ಕೈ ಅನುಭವ. ಅಂಗಡಿಗೆ ಬರೋ ಹತ್ತು ಸ್ಪ್ರೇಯರಲ್ಲಿ ಏಳಕ್ಕೆ ಆಯಿಲ್ ಅಳತೆನೇ ಇಲ್ಲ, ಕಣ್ಣಂದಾಜಲ್ಲಿ ಮುಚ್ಚಳ ಬಗ್ಸೋದು. ಕೆಲವ್ರು ಟ್ರ್ಯಾಕ್ಟರಿಂದ ತೆಗ್ದ ಹಳೇ ಇಂಜಿನ್ ಆಯಿಲ್ ಹಾಕಿರ್ತಾರೆ, ಅದನ್ನ ದಯವಿಟ್ಟು ಮಾಡ್ಬೇಡಿ, ಅದ್ರಲ್ಲಿರೋ ಲೋಹದ ಪುಡಿ, ಕರಿ ಎಲ್ಲ ಉರಿದು ನಿಮ್ಮ ಮೂಗಿಗೇ ಬರೋದು, ಪೋರ್ಟೂ ಕಟ್ಕೊಳ್ಳುತ್ತೆ. ಮೆಷಿನ್ ಮೇಲೆ 25ಕ್ಕೆ 1 ಅಂತ ಇದ್ರೆ ಲೀಟರಿಗೆ 40 ಮಿಲಿ, 50ಕ್ಕೆ 1 ಅಂತ ಇದ್ರೆ 20 ಮಿಲಿ, ಮೆಡಿಕಲ್ ಸ್ಟೋರಲ್ಲಿ ಸಿಗೋ ಸಿರಿಂಜ್ ತಗೊಂಡು ಅಳೆದು ಹಾಕಿ. ಡಬ್ಬಿ ಮೇಲೆ ಜಾಸೋ ಎಫ್‌ಸಿ ಇಲ್ಲ ಎಫ್‌ಡಿ ಅಂತ ಇರೋ ಟೂ-ಟಿ ಆಯಿಲ್ ಹೊಗೆ ಕಮ್ಮಿ ಬರೋ ಥರ ಮಾಡಿರೋದು, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ. ಇನ್ನೊಂದು, ಈಗ ಬಂಕಲ್ಲಿ ಸಿಗ್ತಿರೋದು ಇ20, ನೂರಕ್ಕೆ 20 ಎಥನಾಲ್. ಎಥನಾಲ್ ಗಾಳಿಲಿರೋ ನೀರು ಎಳ್ಕೊಳ್ಳುತ್ತೆ, ಆಯಿಲ್ ಬೆರ್ಸಿದ ಪೆಟ್ರೋಲ್ ಕ್ಯಾನಲ್ಲಿ ತಿಂಗಳಾನುಗಟ್ಲೆ ಇಟ್ರೆ ತಳದಲ್ಲಿ ಬೇರೆ ಆಗಿ ಕೂರುತ್ತೆ, ಆಯಿಲ್ ಇಲ್ದಿರೋ ಭಾಗ ಇಂಜಿನ್ನಿಗೆ ಹೋದ್ರೆ ಪಿಸ್ಟನ್ ಸೀಜ್. ಈ ವರ್ಷ ನಮ್ಮಲ್ಲಿ ಬಂದ ಸೀಜ್ ಕೇಸುಗಳಲ್ಲಿ ಇದೇ ಜಾಸ್ತಿ. ಆವತ್ತಿಗೆ ಬೇಕಾದಷ್ಟೇ ಬೆರ್ಸಿ, ಮಿಕ್ಕಿದ್ದನ್ನ ಟ್ಯಾಂಕಿಂದ ಖಾಲಿ ಮಾಡಿ, ಕಾರ್ಬುರೇಟರ್ ಒಣಗೋ ತನಕ ಓಡ್ಸಿ ನಿಲ್ಸಿ. ಹಳೇ ಆರ್‌ಎಕ್ಸ್ ಇಟ್ಕೊಂಡಿರೋ ಹುಡುಗ್ರಿಗೂ ಇದೇ ಮಾತು, ರಬ್ಬರ್ ಪೈಪು, ಫ್ಲೋಟ್ ವಾಷರ್ ಎಲ್ಲ ಬೇಗ ಗಟ್ಟಿ ಆಗ್ತಿವೆ, ನೋಡ್ಕೊಳ್ತಾ ಇರಿ. ಆ ಗಾಡಿಗಳು ಉಳೀಬೇಕು, ದಿನಾ ಓಡ್ಸಕ್ಕಲ್ಲ, ಹಿಂಗೊಂದು ಇಂಜಿನ್ ಇತ್ತು ಅಂತ ಮುಂದಿನ ಮಕ್ಳು ಬಿಚ್ಚಿ ನೋಡಕ್ಕೆ.

ಈಗ ತಮ್ಮನಿಗೆ ಏನು ಹೇಳ್ದೆ ಅಂದ್ರೆ. ಟೊಮೇಟೊ, ಹುರಳಿಕಾಯಿ, ಹಿಪ್ಪುನೇರಳೆ ಕಡೆಗೆ 12 ವೋಲ್ಟ್ ಬ್ಯಾಟರಿ ಸ್ಪ್ರೇಯರ್ ಸಾಕು, 16 ಲೀಟರಿಂದು, ಒಂದು ಬ್ಯಾಟರಿ ಜಾಸ್ತಿ ಇಟ್ಕೋ, ಕರೆಂಟ್ ನಮ್ಮೂರಲ್ಲಿ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ. ಹುಲ್ಲು ಕತ್ತರಿಸಕ್ಕೆ ಫೋರ್-ಸ್ಟ್ರೋಕ್ ಬ್ರಷ್ ಕಟ್ಟರ್ ತಗೋ, ಹೋಂಡಾದವ್ರದ್ದು 35 ಸಿಸಿದು ಬರುತ್ತೆ, ಆಯಿಲ್ ಬೆರ್ಸೋ ಕೆಲ್ಸ ಇಲ್ಲ, ಹೊಗೆ ಇಲ್ಲ, ತೂಕ ಮಾತ್ರ ಚೂರು ಜಾಸ್ತಿ, ಬೆಲೆನೂ ಜಾಸ್ತಿ. ದ್ರಾಕ್ಷಿಗೆ ಕಷ್ಟ ಇದೆ, ಚಪ್ಪರದ ಎಲೆ ಮೇಲೆ ಕೆಳಗೆ ಎರಡೂ ಕಡೆ ಮಂಜಿನ ಥರ ಕೂರ್ಬೇಕು ಅಂದ್ರೆ ಗಾಳಿ ಬೇಕು, ಬ್ಯಾಟರಿದು ಅಷ್ಟು ಊದಲ್ಲ. ಅದಕ್ಕೆ ಇಂಜಿನ್ ತೋಟದ ಆಚೆ ಬದುವಿನ ಮೇಲೆ ಇಟ್ಟು ಉದ್ದ ಪೈಪ್ ಎಳ್ಕೊಂಡು ಹೊಡಿಯೋ ಎಚ್‌ಟಿಪಿ ಸೆಟ್ಟೇ ಸರಿ ಅನ್ನಿಸ್ತು, ನಾಲ್ಕು ಮನೆ ಸೇರಿ ತಗೊಂಡ್ರೆ ಭಾರ ಆಗಲ್ಲ. ಇಂಜಿನ್ ಮನುಷ್ಯನಿಂದ ನೂರು ಅಡಿ ದೂರ ಇರುತ್ತೆ. ಅಪ್ಪ ಹುಳಕ್ಕೆ ಮಾಡ್ತಿದ್ದಿದ್ದೂ ಅದೇ ತಾನೇ ಅಂತ ಅವ್ನೇ ಹೇಳ್ದ, ನಂಗೆ ಅದು ಹೊಳೆದೇ ಇರ್ಲಿಲ್ಲ.

ಬ್ಯಾಟರಿದು ಬಂದಾಯ್ತು, ಎಚ್‌ಟಿಪಿಗೆ ಮೂರು ಮನೆಯವ್ರು ಒಪ್ಪಿದಾರೆ, ನಾಲ್ಕನೇವ್ರು ಈ ಸಲದ ಗೂಡಿನ ದುಡ್ಡು ಬರ್ಲಿ ಅಂದಿದಾರೆ. ಅವ್ನ ಹಳೇ ಸ್ಪ್ರೇಯರ್ ಈಗ ನನ್ನ ಬೆಂಚ್ ಮೇಲಿದೆ, ಬಿಚ್ಚಿ ನೋಡಿದ್ರೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿ ಗಾಳಿ ಎಳೀತಿತ್ತು, ಅದಕ್ಕೇ ಸ್ಟಾರ್ಟ್ ಆಗ್ದೇ ಇದ್ದಿದ್ದು. ಸೀಲ್ ಹಾಕಿದ್ರೆ ಓಡುತ್ತೆ, ಆದ್ರೂ ವಾಪಸ್ ಕೊಡಲ್ಲ ಅಂದಿದೀನಿ. ಫೋರ್-ಸ್ಟ್ರೋಕ್ ಕಟ್ಟರ್ ಬಗ್ಗೆ ಮಾತ್ರ ನಂಗೆ ಇನ್ನೊಂದು ನೋಡ್ಬೇಕು, ನಮ್ಮ ಕೆಂಪು ಮಣ್ಣಿನ ಧೂಳಲ್ಲಿ ಅಷ್ಟು ಸಣ್ಣ ಇಂಜಿನ್ನಿನ ವಾಲ್ವು ಎಷ್ಟು ದಿನ ಸರಿಯಾಗಿ ಕೂರುತ್ತೆ ಅಂತ. ಈ ಕಡೆ ಯಾರಾದ್ರೂ ಎರಡು ಸೀಸನ್ ಓಡ್ಸಿರೋರು ಇದ್ರೆ ಮೆಷಿನ್ ತಗೊಂಡು ಅಂಗಡಿ ಹತ್ರ ಬನ್ನಿ, ದುಡ್ಡು ಬೇಡ, ಕವರ್ ಬಿಚ್ಚಿ ಗ್ಯಾಪ್ ಅಳೆದು ನೋಡೋಣ.